ಕೆರೆಯ ತೂಬಿನಿಂದ ಆರಂಭಿಸಿ: ಪ್ರಾಚೀನ ಎಂಜಿನಿಯರಿಂಗ್ ಪಾಠಕ್ಕೊಂದು ಅಧ್ಯಯನ ಟಿಪ್ಪಣಿ

ಪಾಠಾಭ್ಯಾಸಕ್ಕೆ ಪ್ರಾಚೀನ ತಂತ್ರಜ್ಞಾನದ ಘಟಕವನ್ನು ಆರಿಸಿಕೊಂಡಿರುವ ನಮ್ಮ ಬಿ.ಇಡ್. ಸಹಪಾಠಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದ ಸಮೀಪದ ಒಂದು ಶಾಲೆಯಲ್ಲಿ ನಾನು ಈ ಪಾಠವನ್ನು ಮೊದಲ ಬಾರಿ ಮಾಡಿದಾಗ ಕಪ್ಪುಹಲಗೆಯ ತುಂಬ ಇಸವಿಗಳನ್ನೂ ಅರಸರ ಹೆಸರುಗಳನ್ನೂ ಬರೆದಿದ್ದೆ. ಮಕ್ಕಳು ಎಲ್ಲವನ್ನೂ ಚೆನ್ನಾಗಿಯೇ ನಕಲು ಮಾಡಿಕೊಂಡರು. ಆದರೆ ಕೆರೆ ಒಡೆಯುವುದೇಕೆ ಎಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಅವರಲ್ಲಿ ಹಲವರು ಪ್ರತಿದಿನ ಕೆರೆ ಏರಿಯ ಮೇಲೆಯೇ ನಡೆದು ಶಾಲೆಗೆ ಬರುವವರು. ಕಟ್ಟಿದವರು ಯಾರು ಎಂಬ ಪ್ರಶ್ನೆಗಿಂತ ಮುಂಚೆ, ಇದು ಎಲ್ಲಿ ಕೆಡಬಹುದು, ಕೆಡದಿರಲೆಂದು ಕಟ್ಟಿದವರು ಏನು ಮಾಡಿದರು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕೆಂದು ನನಗೆ ಅಂದೇ ಅನ್ನಿಸಿತು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದಕ್ಕೆ ಕೆರೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಈ ಸೀಮೆಯಲ್ಲೇ ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಆದ್ದರಿಂದ ಮಳೆನೀರನ್ನು ಹಳ್ಳದ ಮೇಲ್ಭಾಗದಲ್ಲಿ ತಡೆದು, ಒಂದು ಕೆರೆಯ ಕೋಡಿಯ (ಕೆರೆ ತುಂಬಿದಾಗ ಹೆಚ್ಚುವರಿ ನೀರು ಹೊರಹೋಗುವ ದಾರಿಯ) ನೀರು ಕೆಳಗಿನ ಕೆರೆಗೆ ಸೇರುವಂತೆ ಸರಣಿಯಾಗಿ ಕೆರೆಗಳನ್ನು ಕಟ್ಟಿದರು. ನೀರನ್ನು ತಡೆಯುವ ಮಣ್ಣಿನ ಕಟ್ಟೆಯಾದ ಏರಿ, ಗದ್ದೆಗೆ ನೀರು ಬಿಡುವ ತೂಬು, ಕೋಡಿ ಎಂಬ ಮೂರು ಅಂಗಗಳನ್ನು ಅರ್ಥಮಾಡಿಕೊಂಡರೆ ಪಾಠದ ಬಹುಭಾಗ ಮುಗಿದಂತೆ. ನಾನು ತೂಬಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬುದ್ಧಿವಂತಿಕೆ ಹೆಚ್ಚು ಅಡಗಿರುವುದು ಅಲ್ಲಿಯೇ.

ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಕೆರೆಯೊಂದರ ಒಳಗೆ ಹೋಗಿ ನೋಡಿ. ಏರಿಯಿಂದ ಸ್ವಲ್ಪ ದೂರದಲ್ಲಿ ಎರಡು ಕಲ್ಲುಕಂಬಗಳು ಜೋಡಿಯಾಗಿ ನಿಂತಿರುತ್ತವೆ. ಅವುಗಳ ನಡುವೆ ಅಡ್ಡಲಾಗಿ ಕೂರಿಸಿದ ಚಪ್ಪಡಿಗಳಲ್ಲಿ ಒಂದರ ಕೆಳಗೊಂದು ಬರುವಂತೆ ರಂಧ್ರ ಕೊರೆದಿರುತ್ತಾರೆ. ಆ ರಂಧ್ರಗಳ ಮೂಲಕ ಇಳಿಯುವ ಗಳದ ತುದಿಯಲ್ಲಿ ಮರದ ಬಿರಡೆಯಿದ್ದು, ಅದು ತಳದ ಕಲ್ಲಿನ ತೂತನ್ನು ಮುಚ್ಚುತ್ತದೆ. ನೀರು ಬಿಡುವ ಕೆಲಸದ ನೀರಗಂಟಿ ಬಿರಡೆಯನ್ನು ಎತ್ತಿದಾಗ ನೀರು ಆ ತೂತಿನಿಂದ ಇಳಿದು, ಏರಿಯ ಅಡಿಯಲ್ಲಿರುವ ಕಲ್ಲಿನ ಕಾಲುವೆಯ ಮೂಲಕ ಅಚ್ಚುಕಟ್ಟಿಗೆ, ಅಂದರೆ ಕೆರೆಯ ನೀರುಣ್ಣುವ ಜಮೀನಿಗೆ, ಹರಿಯುತ್ತದೆ.

ಈ ತೂತು ಇಷ್ಟು ಚಿಕ್ಕದೇಕೆ ಎಂದು ಮಕ್ಕಳನ್ನು ಕೇಳಿ, ಲೆಕ್ಕವನ್ನು ಅವರಿಂದಲೇ ಮಾಡಿಸಿ. 3 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 3,000 ಕಿಲೋ ನೀರಿನ ಭಾರ ಬೀಳುತ್ತದೆ. ಒಂದು ಚದರ ಮೀಟರ್ ಅಗಲದ ಬಾಗಿಲನ್ನು ಅಲ್ಲಿ ಇಟ್ಟಿದ್ದರೆ ಅದನ್ನು ಎತ್ತಲು ಯಾರಿಂದಲೂ ಸಾಧ್ಯವಾಗುತ್ತಿರಲಿಲ್ಲ. 15 ಸೆಂಟಿಮೀಟರ್ ವ್ಯಾಸದ ತೂತಾದರೆ ಬಿರಡೆಯ ಮೇಲಿನ ಭಾರ ಸುಮಾರು 53 ಕಿಲೋ ಮಾತ್ರ. ಒಬ್ಬ ಮನುಷ್ಯ ಕಷ್ಟಪಟ್ಟು ಎತ್ತಬಹುದಾದಷ್ಟು. ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಭಾರ ನಾಲ್ಕು ಪಟ್ಟಾಗಿ 212 ಕಿಲೋ ದಾಟುತ್ತದೆ. ಅಷ್ಟು ಆಳದಿಂದ ನುಗ್ಗುವ ನೀರಿನ ವೇಗ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 7 ಮೀಟರಿಗೂ ಹೆಚ್ಚು. ಆ ರಭಸಕ್ಕೆ ಬರಿಯ ಮಣ್ಣಿನ ಕಾಲುವೆ ಕೊರೆದುಹೋಗಿ ಏರಿಯೇ ಕುಸಿಯುತ್ತದೆ. ಆದುದರಿಂದಲೇ ಒಳಗಾಲುವೆಗೆ ಕಲ್ಲು ಹಾಸಿದರು. ಇದೇ ತೊಂದರೆಗೆ ಶ್ರೀಲಂಕಾದವರು ಏರಿಯೊಳಗೆ ಚೌಕಾಕಾರದ ಕಲ್ಲಿನ ಬಾವಿಯನ್ನು ಕಟ್ಟಿ, ನೀರಿನ ಹರಿವನ್ನು ಅಲ್ಲಿ ನಿಯಂತ್ರಿಸಿದರು. ಅದಕ್ಕೆ ಅವರು ಬಿಸೋಕೊಟುವ ಎನ್ನುತ್ತಾರೆ.

ಏರಿಯ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದರಿಂದ ಬುಡ ಅಗಲ, ನೆತ್ತಿ ಕಿರಿದು; ಅಲೆಗಳು ಮಣ್ಣನ್ನು ಕೆರೆಯದಿರಲೆಂದು ಒಳಮೈಗೆ ಕಲ್ಲುಕಟ್ಟಣೆ. ಕೋಡಿಯ ಮಹತ್ವವನ್ನು ಮಾತ್ರ ಬಿಡಿಸಿ ಹೇಳಬೇಕು. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಅದು ಉಳಿಯುವುದು ಕಷ್ಟ. ಹೆಚ್ಚುವರಿ ನೀರು ಏರಿಗಿಂತ ತಗ್ಗಿನಲ್ಲಿರುವ ಕೋಡಿಯಿಂದಲೇ ಹೊರಹೋಗಬೇಕು. 2021ರ ನವೆಂಬರಿನ ಮಳೆಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಕೆರೆಗಳು ಕೋಡಿ ಬಿದ್ದದ್ದು ನಮ್ಮೆಲ್ಲರಿಗೂ ನೆನಪಿದೆ. ಒತ್ತುವರಿಯಿಂದ ಕೋಡಿ ಕಾಲುವೆ ಮುಚ್ಚಿಹೋದರೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ತರಗತಿಯಲ್ಲಿ ಕೇಳಲು ಹಿಂಜರಿಯಬೇಡಿ. ಅದು ರಾಜಕೀಯವಲ್ಲ, ಪಾಠದ ತಿರುಳು.

ಇಷ್ಟಾದ ಮೇಲೆ ಶಾಸನಕ್ಕೆ ಬನ್ನಿ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು ಕೆರೆ ಕಟ್ಟಿಸಿ, 1369ರಲ್ಲಿ ಹಾಕಿಸಿದ ಶಾಸನವಿದೆ. ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದು ಇವೇ ಆ ದೋಷಗಳು. ನನ್ನ ಮಟ್ಟಿಗೆ ಈ ಘಟಕದಲ್ಲಿ ಇದಕ್ಕಿಂತ ಬೆಲೆಯುಳ್ಳ ಆಧಾರ ಇನ್ನೊಂದಿಲ್ಲ, ಏಕೆಂದರೆ ಸೋತ ಕೆರೆಗಳನ್ನು ಕಂಡವರಲ್ಲದೆ ಬೇರೆಯವರು ಇಂಥ ಪಟ್ಟಿಯನ್ನು ಬರೆಯಲಾರರು. ಮೂರನೆಯ ದೋಷವನ್ನು ಓದುವಾಗ ಗಡಿ ದಾಟಿ ಹರಿಯುವ ನದಿಗಳ ನೀರಿನ ಬಗ್ಗೆ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ 1892ರ ಒಪ್ಪಂದವನ್ನೂ, ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟಿಗೆ ತಮಿಳುನಾಡು ಎತ್ತಿದ ಆಕ್ಷೇಪವನ್ನೂ ಮಕ್ಕಳಿಗೆ ತಿಳಿಸಬಹುದು.

ಕೆರೆ ಒಡೆದದ್ದನ್ನೇ ದಾಖಲಿಸಿದ ಶಾಸನ ಬೇಕೆಂದರೆ ಗುಜರಾತಿನ ಜುನಾಗಢದಲ್ಲಿ ಶಕ ಅರಸ ರುದ್ರದಾಮನ ಶಾಸನವಿದೆ. ಚಂದ್ರಗುಪ್ತ ಮೌರ್ಯನ ಕಾಲದ ಸುದರ್ಶನ ಸರೋವರದ ಕಟ್ಟೆಯು ಬಿರುಗಾಳಿ ಮಳೆಗೆ 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ ಒಡೆದುಹೋಯಿತೆಂದೂ, ಸುವಿಶಾಖನೆಂಬ ಅಧಿಕಾರಿ ಅದನ್ನು ಮತ್ತೆ ಕಟ್ಟಿಸಿದನೆಂದೂ ಕ್ರಿ.ಶ. 150ರ ಸುಮಾರಿನ ಈ ಶಾಸನ ತಿಳಿಸುತ್ತದೆ.

ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು ಎಂಬ ಮಾತನ್ನು ಮಾತ್ರ ತರಗತಿಯಲ್ಲಿ ಆಡಬೇಡಿ. ಹಾಗೆಂದರೆ ಬಿರಡೆಯ ಅಳತೆಯನ್ನು ಅನುಭವದಿಂದ ಕಂಡುಕೊಂಡ ಕಲ್ಲುಕುಟಿಗರ, ಒಡ್ಡರ, ನೀರಗಂಟಿಗಳ ದುಡಿಮೆಯೇ ಮರೆಯಾಗುತ್ತದೆ.

ಪ್ರಯೋಗಕ್ಕೆ ಹೆಚ್ಚು ಖರ್ಚಿಲ್ಲ. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೆಂಪುಮಣ್ಣಿನ ಏರಿ ಕಟ್ಟಿ, ಅಡಿಯಲ್ಲಿ ಚಿಕ್ಕ ಕೊಳವೆಯಿಟ್ಟು ಬಟ್ಟೆಯ ಬಿರಡೆ ಹಾಕಿ. ಒಂದು ಗುಂಪು ಕೋಡಿಯಿಲ್ಲದೆ ಕಟ್ಟಲಿ, ಇನ್ನೊಂದು ಗುಂಪು ಕೋಡಿ ಬಿಟ್ಟು ಕಟ್ಟಲಿ; ಎರಡಕ್ಕೂ ಒಂದೇ ಅಳತೆಯ ನೀರು ಸುರಿಯಿರಿ. ಏರಿ ಮೊದಲು ಕುಸಿದ ಜಾಗವನ್ನು ಮಕ್ಕಳು ಚಿತ್ರ ಬರೆದು ಗುರುತಿಸಲಿ. ಮರುದಿನ ಶಾಲೆಗೆ ಬರುವಾಗ ಊರಿನ ಕೆರೆಯ ಕೋಡಿ ಯಾವ ದಿಕ್ಕಿನಲ್ಲಿದೆ, ಅದರಿಂದ ಇಳಿದ ನೀರು ಮುಂದೆ ಯಾವ ಕೆರೆಗೆ ಸೇರುತ್ತದೆ ಎಂಬುದನ್ನು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿ.