ಪಾಲಿಪ್ ತೆಗೆಯುವುದು: ಸೂಜಿ ಚುಚ್ಚಿ ಎತ್ತುವ ಆ ಹೆಜ್ಜೆ

ಮಡಿಕೇರಿಯಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗೆ ಈ ಟಿಪ್ಪಣಿ. ಕೊಲೊನೊಸ್ಕೋಪಿ ಅಂದರೇನು ಅನ್ನೋದನ್ನ ಬಿಟ್ಟಿದ್ದೇನೆ, ಅದು ಎಲ್ಲರಿಗೂ ಗೊತ್ತು. ಪಾಲಿಪ್ ಅಂದರೆ ಕರುಳಿನ ಒಳಪೊರೆಯಲ್ಲಿ ಬೆಳೆಯುವ ಗಂಟು. ದೊಡ್ಡ ಕರುಳಿನ ಅಡಿನೋಮಾ (ಗ್ರಂಥಿ ಕೋಶಗಳಿಂದ ಬೆಳೆದ) ಪಾಲಿಪ್‌ಗಳಲ್ಲಿ ಕೆಲವು, ವರ್ಷಗಳು ಕಳೆದ ಮೇಲೆ, ಕ್ಯಾನ್ಸರ್ ಆಗುತ್ತವೆ. ಅದಕ್ಕೇ ಕಂಡಾಗ ತೆಗೆಯುವುದು. ಹೊಟ್ಟೆ ಕೊಯ್ಯದೆ ಸ್ಕೋಪಿನ (ಕರುಳೊಳಗೆ ಹಾಕುವ ಕ್ಯಾಮೆರಾ ಕೊಳವೆ) ಮೂಲಕ ತಂತಿಯ ಕುಣಿಕೆ (ಸ್ನೇರ್) ಹಾಕಿ ತೆಗೆಯುವ ಕೆಲಸ 1969ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತು. ಮಾಡಿದವರು ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೋಲ್ಫ್.

ಯಾವುದಕ್ಕೆ ಯಾವುದು

9 ಮಿ.ಮೀ.ವರೆಗಿನ ಪಾಲಿಪ್‌ಗೆ ಕೋಲ್ಡ್ ಸ್ನೇರ್. ಕರೆಂಟ್ ಬೇಡ. ಸುತ್ತಲಿನ ಒಂದೆರಡು ಮಿ.ಮೀ. ಒಳ್ಳೆಯ ಪೊರೆಯನ್ನೂ ಸೇರಿಸಿ ಕತ್ತರಿಸುತ್ತಾರೆ. ಸ್ವಲ್ಪ ರಕ್ತ ಜಿನುಗುತ್ತದೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಶಾಖ ಇಲ್ಲದ್ದರಿಂದ ಆಳದ ರಕ್ತನಾಳ ಸುಡುವುದಿಲ್ಲ. ಹಾಗಾಗಿ ಮನೆಗೆ ಹೋದ ಮೇಲೆ ರಕ್ತ ಬರುವ ಭಯ ಕಡಿಮೆ. ತೊಟ್ಟು ಇರುವ ದೊಡ್ಡ ಪಾಲಿಪ್‌ಗೆ ಹಾಟ್ ಸ್ನೇರ್, ಅಂದರೆ ಕರೆಂಟ್ ಹರಿಸಿ ಶಾಖದಿಂದ ಕತ್ತರಿಸುವುದು. ತೊಟ್ಟು ದಪ್ಪಗಿದ್ದರೆ, ರಕ್ತ ತಡೆಯಲು ಮೊದಲು ಅಡ್ರಿನಲಿನ್ ಚುಚ್ಚುವುದು, ಇಲ್ಲ ಲೂಪ್ ಬಿಗಿಯುವುದು.

ಎತ್ತುವುದು ಯಾಕೆ?

ದೊಡ್ಡದಾಗಿ ಚಪ್ಪಟೆಯಾಗಿ ಅಂಟಿಕೊಂಡಿರುವ ಪಾಲಿಪ್‌ಗೆ ಇಎಂಆರ್, ಅಂದರೆ ಲೋಳೆಪೊರೆಯನ್ನು ಎತ್ತಿ ಸ್ನೇರಿನಿಂದ ಕತ್ತರಿಸುವುದು. ನನಗೆ ತಲೆ ಕೆಟ್ಟಿದ್ದು ಇಲ್ಲೇ. ಒಳಗಿಂದ ಹೊರಕ್ಕೆ ನೆನಪಿಟ್ಟುಕೊಳ್ಳಿ: ಲೋಳೆಪೊರೆ, ಸಬ್‌ಮ್ಯುಕೋಸಾ, ಸ್ನಾಯು, ಹೊರಪೊರೆ. ಪಾಲಿಪ್ ಇರುವುದು ಲೋಳೆಪೊರೆಯಲ್ಲಿ. ನಾವು ಮುಟ್ಟಬಾರದ್ದು ಸ್ನಾಯು. ನಡುವಿನ ಸಬ್‌ಮ್ಯುಕೋಸಾಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿದರೆ ಅದು ಉಬ್ಬುತ್ತದೆ, ಕಂಬಳಿ ಕೆಳಗೆ ನೀರಿನ ಚೀಲ ತೂರಿಸಿದ ಹಾಗೆ. ಪಾಲಿಪ್ ಮೇಲೇಳುತ್ತದೆ, ಸ್ನಾಯು ಕೆಳಗೇ ಉಳಿಯುತ್ತದೆ. ಸ್ನೇರಿನ ಶಾಖ ಈ ಉಬ್ಬಿನಲ್ಲೇ ಕಳೆದುಹೋಗಬೇಕು.

ಚುಚ್ಚುವಾಗ ಪರದೆ ನೋಡಿ. ಉಬ್ಬು ಏಳುತ್ತಿದ್ದರೆ ಸರಿ. ದ್ರವ ಹೋಗುತ್ತಿದೆ, ಉಬ್ಬು ಮಾತ್ರ ಇಲ್ಲ ಅಂದರೆ ಸೂಜಿ ಗೋಡೆ ದಾಟಿರಬಹುದು. ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ಕರುಳಿನ ಮಡಿಕೆಯ ಹಿಂದೆ ಪಾಲಿಪ್ ಇದ್ದರೆ ಮೊದಲು ಆಚೆ ಬದಿಗೆ ಚುಚ್ಚಬೇಕು. ಈಚೆ ಮೊದಲು ಉಬ್ಬಿಸಿದರೆ ಪಾಲಿಪ್ ಆ ಕಡೆ ತಿರುಗಿ ಕಣ್ಣಿಗೇ ಬೀಳುವುದಿಲ್ಲ! ಬರೀ ಸಲೈನ್ ಉಬ್ಬು ಬೇಗ ಇಳಿಯುತ್ತದೆ, ಅದಕ್ಕೇ ಗಟ್ಟಿ ದ್ರವಗಳನ್ನೂ ಬಳಸುತ್ತಾರೆ.

ಸರಿಯಾಗಿ ಚುಚ್ಚಿದರೂ ಏಳದಿದ್ದರೆ? ಕ್ಯಾನ್ಸರ್ ಆಳಕ್ಕಿಳಿದಿರಬಹುದು. ಇಲ್ಲವೇ ಹಿಂದೆ ಬಯಾಪ್ಸಿ ತೆಗೆದ ಕಲೆ ಅಂಟಿ ಹಿಡಿದಿರಬಹುದು. ಈ ಎರಡನೆಯದು ಕೊಡಗಿನವರಿಗೆ ಮುಖ್ಯ. ಇಲ್ಲಿ ನೋಡಿ ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ, ಚಪ್ಪಟೆ ಪಾಲಿಪ್‌ನಿಂದ ಸುಮ್ನೆ ಚೂರು ಕೀಳದೆ ಒಳ್ಳೆಯ ಫೋಟೋ ಕಳಿಸುವುದೇ ಮೇಲು.

ಕತ್ತರಿಸಿದ ಜಾಗ ಒಂದೇ ಸಮ ನೀಲಿ ಇದ್ದರೆ ನೆಮ್ಮದಿ. ನಡುವೆ ಬಣ್ಣ ಹಿಡಿಯದ ಬಿಳಿ ಉಂಗುರ ಕಂಡರೆ ಸ್ನಾಯುವಿಗೆ ಪೆಟ್ಟಾಗಿದೆ, ಕ್ಲಿಪ್ ಹಾಕಿ ಮುಚ್ಚಬೇಕು.

20 ಮಿ.ಮೀ. ದಾಟಿದರೆ ಇಎಂಆರ್ ಸಾಮಾನ್ಯವಾಗಿ ಚೂರು ಚೂರಾಗಿ ನಡೆಯುತ್ತದೆ. ಅಂಚಿನಲ್ಲಿ ಉಳಿದದ್ದು ಮತ್ತೆ ಬೆಳೆಯಬಹುದು. 3ರಿಂದ 6 ತಿಂಗಳಲ್ಲಿ ಮತ್ತೆ ನೋಡಬೇಕು. ಸಬ್‌ಮ್ಯುಕೋಸಾವನ್ನು ಕೊಯ್ದು ಪಾಲಿಪ್ ಇಡಿಯಾಗಿ ಬಿಡಿಸುವ ಇಎಸ್‌ಡಿ ಜಪಾನಿನಲ್ಲಿ ಬೆಳೆದದ್ದು. ಹೊತ್ತು ಜಾಸ್ತಿ, ತೂತು ಬೀಳುವ ಅಪಾಯವೂ ಜಾಸ್ತಿ.

ಪರೀಕ್ಷೆಗೆ ಮುಂಚಿನ ದಿನಗಳು

ಕರುಳು ಚೊಕ್ಕಟ ಇಲ್ಲದಿದ್ದರೆ ಮೇಲಿನದೆಲ್ಲ ದಂಡ. ನಾರಿನ ಊಟ ಬೇಡ. ಕಣಿಲೆ, ಸೊಪ್ಪು, ಹಲಸಿನ ಬೀಜ ಬಿಡಲಿ. ಹಿಂದಿನ ದಿನ ಹಾಲಿಲ್ಲದ ಕಾಫಿ ಕುಡಿಯಬಹುದು, ನಮ್ಮ ಕಡೆಯವರಿಗೆ ಅದೊಂದು ಸಮಾಧಾನ ಅಲ್ವಾ. ಕೆಂಪು, ನೇರಳೆ ಬಣ್ಣದ್ದು ಬೇಡ. ಒಳಗೆ ರಕ್ತದ ಹಾಗೆ ಕಾಣುತ್ತದೆ. ಆಗಸ್ಟ್ ಮೊದಲ ವಾರ ತಾರೀಕು ಸಿಕ್ಕವರನ್ನು, ಕಕ್ಕಡ ಹದಿನೆಂಟರ (ಕೊಡಗಿನ ಕಕ್ಕಡ ತಿಂಗಳ 18ನೇ ದಿನದ) ನೇರಳೆ ಬಣ್ಣದ ಮದ್ದು ಸೊಪ್ಪಿನ ಪಾಯಸ ತಿಂದ್ರಾ ಅಂತ ಕೇಳಿಬಿಡಿ.