ಎನ್ಯಾಕ್ಟ್ ಅಂದರೆ ಜಾರಿ ಅಲ್ಲ

2024ರ ಜನವರಿ ಮೊದಲ ವಾರ. ಒಬ್ಬ ಲಾರಿ ಚಾಲಕರು ನನ್ನ ಕಚೇರಿಗೆ ಬಂದರು. "ಸಾರ್, ಆಕ್ಸಿಡೆಂಟ್ ಆಗಿ ಓಡಿಹೋದ್ರೆ ಹತ್ತು ವರ್ಷ ಜೈಲಂತೆ. ನಿಂತ್ರೆ ಜನ ಹೊಡೀತಾರೆ. ಕಾನೂನು ಬಂದೇಬಿಡ್ತಲ್ಲ, ಕೆಲಸ ಬಿಡ್ತೀನಿ" ಎಂದರು. ಅವರ ಮೊಬೈಲಿನಲ್ಲಿದ್ದ ಸುದ್ದಿ ನೋಡಿದೆ. ಇಂಗ್ಲಿಷಿನ 'ಎನ್ಯಾಕ್ಟೆಡ್' ಎಂಬುದನ್ನು ಯಾರೋ 'ಜಾರಿಯಾಗಿದೆ' ಎಂದು ಕನ್ನಡಕ್ಕೆ ತಂದಿದ್ದರು.

ಈ ತಪ್ಪು ನೋಡಿ ನೋಡಿ ಸಾಕಾಗಿದೆ. ಮಸೂದೆ ಸದನದಲ್ಲಿ ಪಾಸಾಗಿ, ರಾಷ್ಟ್ರಪತಿ ಇಲ್ಲವೇ ರಾಜ್ಯಪಾಲರ ಅಂಕಿತ ಬಿದ್ದು ಕಾನೂನಿನ ರೂಪ ಪಡೆಯುವುದು ಎನ್ಯಾಕ್ಟ್. ನಮ್ಮ ರಾಜ್ಯದ ಕಾಯ್ದೆಗಳ ಮೊದಲ ಪುಟದಲ್ಲಿ 'ಅಧಿನಿಯಮಿತವಾಗತಕ್ಕದ್ದು' ಎಂದಿರುತ್ತದಲ್ಲ, ಅದೇ. ಆ ಕಾನೂನು ನಿಮ್ಮ ಮೇಲೆ ನಡೆಯಲು ಶುರುವಾಗುವುದು ಜಾರಿ. ಎರಡೂ ಒಂದೇ ದಿನ ಆಗಬಹುದು. ಕೇಂದ್ರದ ಕಾಯ್ದೆಯಲ್ಲಿ ದಿನಾಂಕದ ಮಾತೇ ಇಲ್ಲದಿದ್ದರೆ ಅಂಕಿತದ ದಿನವೇ ಜಾರಿ. ಆದರೆ ಬಹಳಷ್ಟು ಕಾಯ್ದೆಗಳ ಮೊದಲನೇ ಸೆಕ್ಷನ್ ಓದಿ ನೋಡಿ: 'ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು.' ಆ ಅಧಿಸೂಚನೆ ಬರುವವರೆಗೆ ಕಾನೂನು ಇದೆ, ಆದರೆ ನಡೆಯುವುದಿಲ್ಲ.

ಕಾಯುವುದು ಎಷ್ಟು ದಿನ? ಸಂವಿಧಾನದ 44ನೇ ತಿದ್ದುಪಡಿ 1978ರದ್ದು. ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವರಿಗೆ ಜಾಸ್ತಿ ರಕ್ಷಣೆ ಕೊಡುವ ಅದರ ಮೂರನೇ ಸೆಕ್ಷನ್ ದಶಕಗಳು ಕಳೆದರೂ ಜಾರಿಗೆ ಬರಲಿಲ್ಲ. ಸಂವಿಧಾನವನ್ನೇ ತೆಗೆದುಕೊಳ್ಳಿ. ನಾವು ಅದನ್ನು ಎನ್ಯಾಕ್ಟ್ ಮಾಡಿಕೊಂಡಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆಯಂಥ ಕೆಲವು ವಿಧಿಗಳು ಅಂದೇ ಜಾರಿಯಾದವು. ಉಳಿದದ್ದಕ್ಕೆ 1950ರ ಜನವರಿ 26ರವರೆಗೆ ಕಾದೆವು. ಹೀಗೆ ಒಂದೇ ಕಾನೂನು ತುಂಡುತುಂಡಾಗಿಯೂ ಜಾರಿಯಾಗಬಹುದು. ಅದಕ್ಕೇ ನಾನು ಅಧಿಸೂಚನೆಗಳು ಅಚ್ಚಾಗುವ ರಾಜ್ಯಪತ್ರ (ಗೆಜೆಟ್) ನೋಡದೆ ಯಾರಿಗೂ ಖಚಿತವಾಗಿ ಹೇಳುವುದಿಲ್ಲ. ನಿಮ್ಮ ಕೇಸಿನ ದಿನಾಂಕವನ್ನು ನಿಮ್ಮ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ಚಾಲಕರಿಗೂ ಇದನ್ನೇ ಬಿಡಿಸಿ ಹೇಳಿದೆ. ನೀವು ಹೆದರುತ್ತಿರುವ ಶಿಕ್ಷೆ ಇರುವುದು ಐಪಿಸಿ ಬದಲಿಗೆ ತಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ; ಅದಕ್ಕೆ ಅಂಕಿತ ಬಿದ್ದದ್ದು 2023ರ ಡಿಸೆಂಬರ್ 25ರಂದು. ಜಾರಿಯ ದಿನಾಂಕದ ಅಧಿಸೂಚನೆ ಆಗಿನ್ನೂ ಬಂದಿರಲಿಲ್ಲ. ಮುಂದೆ 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ, ಅವರು ಹೆದರಿದ್ದ ಆ ಹತ್ತು ವರ್ಷದ ಸೆಕ್ಷನ್ 106(2)ನ್ನು ಮಾತ್ರ ಹೊರಗಿಟ್ಟರು. ಲಾರಿ ಚಾಲಕರ ಮುಷ್ಕರ ಅಷ್ಟು ಜೋರಾಗಿತ್ತು.

"ಹಾಗಾದ್ರೆ ಇವತ್ತು ರಾತ್ರಿ ಲೋಡ್ ತಗೊಂಡು ಹೋಗ್ಲಾ ಸಾರ್?" ಎಂದು ಅಂದು ಚಾಲಕರು ಕೇಳಿದರು.

"ಹೋಗಿ ಬನ್ನಿ. ಆದರೆ ಏನಾದ್ರೂ ಆದ್ರೆ ಪೊಲೀಸರಿಗೆ ತಿಳಿಸಲೇಬೇಕು. ಆ ಹೊಣೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ" ಎಂದೆ.