ಹಲ್ಲಿನ ಕೀವು ಎದೆಗೆ ಇಳಿಯುವುದು ಹೇಗೆ?

ಪ್ರಶ್ನೆ: ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ನಾಲ್ಕು ದಿನ ವಿಪರೀತ ನೋವಿತ್ತು. ಈಗ ನೋವು ಕಡಿಮೆಯಾಗಿದೆ, ಆದರೆ ದವಡೆಯ ಅಡಿ ಬಾತುಕೊಂಡಿದೆ. ‘ಹೀಗೇ ಬಿಟ್ಟರೆ ಎದೆಗೆ ಇಳಿದೀತು’ ಎಂದರು ದಂತವೈದ್ಯರು. ಹಲ್ಲಿಗೂ ಎದೆಗೂ ಏನು ಸಂಬಂಧ?
– ಓದುಗರು, ಮಲ್ಪೆ

ಉತ್ತರ: ನೋವು ಕಡಿಮೆಯಾದದ್ದನ್ನು ಗುಣವೆಂದು ತಿಳಿಯಬೇಡಿ. ಕೀವು ದವಡೆಯ ಮೂಳೆಯೊಳಗೆ ಕಟ್ಟಿಕೊಂಡಿರುವಷ್ಟು ಹೊತ್ತು ಒತ್ತಡದಿಂದ ನೋವು ಜೋರಾಗಿರುತ್ತದೆ. ಮೂಳೆ ಕೊರೆದು ಹೊರಬಿದ್ದಾಗ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ, ಬಾವು ಶುರುವಾಗುತ್ತದೆ.

ಹೊರಬಿದ್ದ ಕೀವಿನ ದಾರಿ ತಿಳಿಯಬೇಕಾದರೆ, ಗೊನೆ ಕಡಿದ ಬಾಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ನಡುವೆ ದಿಂಡು, ಸುತ್ತ ಒಂದರ ಮೇಲೊಂದು ಪಟ್ಟೆ. ಪಟ್ಟೆಗಳ ಸಂದಿಗೆ ಬಿದ್ದ ನೀರು ಅಡ್ಡಕ್ಕೆ ತೂರುವುದಿಲ್ಲ, ಸಂದಿ ಹಿಡಿದು ಬುಡಕ್ಕೆ ಇಳಿಯುತ್ತದೆ.

ಕುತ್ತಿಗೆಯಲ್ಲಿ ಆ ಪಟ್ಟೆಗಳ ಜಾಗದಲ್ಲಿ ಫೇಶಿಯಾ ಎಂಬ ಪೊರೆಗಳಿವೆ. ಆಳದ ಪೊರೆ ಮುಖ್ಯವಾಗಿ ಮೂರು ಸುತ್ತು. ಹೊರಗಿನದು ಇಡೀ ಕುತ್ತಿಗೆಯನ್ನು ಬಳಸುತ್ತದೆ. ನಡುವಿನದು ಥೈರಾಯ್ಡ್, ಶ್ವಾಸನಾಳ, ಅನ್ನನಾಳಗಳನ್ನು ಸುತ್ತಿ, ಕೆಳಗೆ ಹೃದಯದ ಹೊದಿಕೆಯ ತನಕ ಹೋಗಿ ಸೇರುತ್ತದೆ. ಉಗುಳು ನುಂಗಿದಾಗ ಥೈರಾಯ್ಡ್ ಗಡ್ಡೆ ಮೇಲೆ ಕೆಳಗೆ ಆಡುವುದು ಈ ಪೊರೆ ಅದನ್ನು ಶ್ವಾಸನಾಳಕ್ಕೆ ಬಿಗಿದಿರುವುದರಿಂದಲೇ. ಒಳಗಿನದು ಬೆನ್ನುಮೂಳೆಗೂ ಅದರ ಸ್ನಾಯುಗಳಿಗೂ ಅಂಟಿಕೊಂಡಿದೆ. ಇವಲ್ಲದೆ ಎರಡೂ ಬದಿಯಲ್ಲಿ ಕ್ಯಾರೊಟಿಡ್ ರಕ್ತನಾಳ, ಜುಗುಲರ್ ರಕ್ತನಾಳ, ವೇಗಸ್ ನರ ಈ ಮೂರನ್ನೂ ಕಟ್ಟಿಟ್ಟ ಕೊಳವೆಯಂಥ ಪೊರೆಯೊಂದಿದೆ.

ನಿಮ್ಮ ಹಲ್ಲಿಗೆ ಬರೋಣ. ಕೆಳದವಡೆಯ ಒಳಬದಿಗೆ ಮೈಲೋಹಯಾಯ್ಡ್ ಎಂಬ ತೆಳು ಸ್ನಾಯು ಅಂಟಿದೆ. ಬಾಯಿಯ ತಳ ಅದೇ. ಮುಂದಿನ ಹಲ್ಲುಗಳ ಬೇರಿನ ತುದಿ ಅದಕ್ಕಿಂತ ಮೇಲೆ, ಹಾಗಾಗಿ ಅವುಗಳ ಕೀವು ನಾಲಿಗೆಯ ಅಡಿ ಸೇರುತ್ತದೆ. ಕೊನೆಯ ಎರಡು ದವಡೆಹಲ್ಲುಗಳ ಬೇರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ, ಆದ್ದರಿಂದ ಕೀವು ನೇರ ದವಡೆಯ ಅಡಿಗೆ ಬೀಳುತ್ತದೆ. ಆದರೆ ಸ್ನಾಯುವಿನ ಹಿಂದಿನ ಅಂಚು ತೆರೆದಿರುವುದರಿಂದ ಎರಡೂ ಜಾಗಗಳಿಗೆ ಸಂಪರ್ಕವಿದೆ. ಎರಡೂ ಬದಿ ತುಂಬಿದರೆ ಬಾಯಿಯ ತಳ ಮರದ ಹಲಗೆಯಂತೆ ಗಟ್ಟಿಯಾಗಿ ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ನೂಕುತ್ತದೆ. 1836ರಲ್ಲಿ ಜರ್ಮನ್ ವೈದ್ಯ ಲುಡ್‌ವಿಗ್ ವಿವರಿಸಿದ ಈ ಸ್ಥಿತಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಉಸಿರು ಕಟ್ಟಿ.

ಅಲ್ಲಿಂದ ಹಿಂದಕ್ಕೆ ಸರಿದ ಕೀವು ಗಂಟಲಿನ ಪಕ್ಕದ ಸಂದಿಗೆ ಬರುತ್ತದೆ. ಬಾಯಿ ತೆರೆಯುವುದು ಕಷ್ಟವಾಗುವುದು ಆಗ. ಇನ್ನೂ ಹಿಂದೆ, ಗಂಟಲಿನ ಬೆನ್ನಿಗೆ, ಒಂದರ ಹಿಂದೆ ಒಂದು ಸಂದಿಗಳಿವೆ. ಮೊದಲನೆಯದು ಎದೆಯ ಮೇಲ್ಭಾಗದಲ್ಲಿ ಮುಗಿಯುತ್ತದೆ. ಅದರ ಹಿಂದಿನದು ತಲೆಬುರುಡೆಯ ಬುಡದಿಂದ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯವರೆಗೆ ತಡೆಯೇ ಇಲ್ಲದ ದಾರಿ. ಅದರ ಹೆಸರೇ ‘ಡೇಂಜರ್ ಸ್ಪೇಸ್’. ಕೀವು ತನ್ನ ಭಾರಕ್ಕೆ ಇಳಿಯುತ್ತದೆ, ಪ್ರತಿ ಉಸಿರಿಗೆ ಎದೆಯೂ ಅದನ್ನು ಕೆಳಕ್ಕೆ ಎಳೆಯುತ್ತದೆ. ದಂತವೈದ್ಯರು ಹೇಳಿದ್ದು ಇದನ್ನೇ.

ನಮ್ಮ ಕರಾವಳಿಯಲ್ಲಿ ಈ ಸಂದಿಗಳಿಗೆ ಇನ್ನೊಂದು ಬಾಗಿಲಿದೆ: ಮೀನಿನ ಮುಳ್ಳು. ಸಿಕ್ಕಿಕೊಂಡ ಮುಳ್ಳಿನ ಮೇಲೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿದರೆ ಅದು ಇನ್ನಷ್ಟು ಆಳಕ್ಕೆ ಚುಚ್ಚಿ ಗಂಟಲಿನ ಹಿಂದೆ ಕೀವು ಕಟ್ಟಿಸಬಹುದು. ನುಂಗುವಾಗ ಅದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಂದ ತೆಗೆಸುವುದೇ ಸರಿ.

ಈಗ ನೀವು ಕನ್ನಡಿಯ ಮುಂದೆ ಬಾಯಿ ತೆರೆದು ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡಿ. ಎರಡು ಬೆರಳೂ ಹಿಡಿಸದಿದ್ದರೆ, ಉಗುಳು ನುಂಗಲಾಗದೆ ಜೊಲ್ಲು ಸೋರಿದರೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮಾತು ಬದಲಾದರೆ, ಕುತ್ತಿಗೆ ಬಿಗಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಕುಳಿತುಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಿ. ಮಣಿಪಾಲ ನಿಮಗೆ ಹತ್ತಿರವೇ ಇದೆ. ಸಕ್ಕರೆ ಕಾಯಿಲೆ ಇದ್ದವರು ಇಷ್ಟು ಲಕ್ಷಣಗಳಿಗೂ ಕಾಯಬಾರದು. ಅವರಲ್ಲಿ ಸೋಂಕು ಬೇಗ ಹರಡುತ್ತದೆ.

ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಉಳಿದ ಹಳೆಯ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ. ಕಟ್ಟಿದ ಕೀವಿನೊಳಕ್ಕೆ ಔಷಧ ಸರಿಯಾಗಿ ತಲುಪುವುದಿಲ್ಲ. ಜ್ವರ ಮಾತ್ರ ತಗ್ಗಿ ದಾರಿ ತಪ್ಪಿಸುತ್ತದೆ. ಆಸ್ಪತ್ರೆಯಲ್ಲಿ ಮೊದಲು ಉಸಿರಿನ ದಾರಿ ನೋಡುತ್ತಾರೆ. ಆಮೇಲೆ ಕುತ್ತಿಗೆಯ ಜೊತೆಗೆ ಅಗತ್ಯವಿದ್ದರೆ ಎದೆಯದ್ದೂ ಸಿ.ಟಿ. ಸ್ಕ್ಯಾನ್, ರಕ್ತನಾಳಕ್ಕೆ ಆಂಟಿಬಯಾಟಿಕ್, ಕೀವು ಕಂಡಲ್ಲಿ ಕೊಯ್ದು ಹೊರತೆಗೆಯುವುದು. ಹುಳುಕು ಹಲ್ಲನ್ನೂ ಕೀಳಬೇಕು ಇಲ್ಲವೇ ಬೇರಿನ ಚಿಕಿತ್ಸೆ ಮಾಡಿಸಬೇಕು. ಅದನ್ನು ಹಾಗೇ ಉಳಿಸಿಕೊಂಡು ಮನೆಗೆ ಬಂದರೆ ಕೀವು ಮತ್ತೆ ಕಟ್ಟುತ್ತದೆ.